ಅಡುಗೆಮನೆ ಸಿಂಕಿನ ಹಳೇ ಕಪ್ಲಿಂಗ್ ಪುಡಿಯಾಗುತ್ತಿದೆ, ಗೋಡೆ ಒಡೆಯಲೇಬೇಕೇ?

ಜಯನಗರ_ಹಳೇಮನೆ

ಎಪ್ಪತ್ತರ ದಶಕದ ಮನೆ. ಅಡುಗೆಮನೆಯಲ್ಲಿ ಕಡಪಾ ಕಲ್ಲಿನ ಕಟ್ಟೆ, ಅದಕ್ಕೆ ಸೇರಿಸಿ ಕಟ್ಟಿದ ಮೊಸಾಯಿಕ್ ಸಿಂಕ್. ಸಿಂಕಿನ ತಳದಲ್ಲಿ ಹಿತ್ತಾಳೆ ವೇಸ್ಟ್ ಕಪ್ಲಿಂಗ್ (ನೀರು ಇಳಿಯುವ ತೂತಿಗೆ ಕೂರಿಸುವ ಜಾಲರಿಯ ಕೊಳವೆ), ಅದರ ಕೆಳಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಬೆಂಡ್. ಬೆಂಡಿನಿಂದ ಜಿಐ ಪೈಪ್ ಗೋಡೆ ದಾಟಿ ಹೊರಗೆ ಹೋಗಿ, ಒಂದು ಎಲ್ಬೋ ತಿರುಗಿ ಹಿತ್ತಲಿನ ಗಲ್ಲಿ ಟ್ರ್ಯಾಪಿಗೆ (ನೀರು ನಿಂತು ಚರಂಡಿಯ ವಾಸನೆ ತಡೆಯುವ ಗುಂಡಿಗೆ) ಇಳಿಯುತ್ತದೆ. ಸಿಂಕಿನ ಕೆಳಗೆ ಬೇರೆ ಟ್ರ್ಯಾಪ್ ಇಲ್ಲ.

ಕಪ್ಲಿಂಗಿನ ಮೇಲಿನ ಅಂಚು ಒಂದು ಕಡೆ ಮುರಿದಿದೆ. ಜಾಲರಿಯನ್ನು ಚಾಕುವಿನಿಂದ ಕೆರೆದರೆ ಗುಲಾಬಿ ಬಣ್ಣದ ಪುಡಿ ಉದುರುತ್ತದೆ. ಕೆಳಗಿನ ನಟ್ ಕದಲುವುದಿಲ್ಲ. ಬೆಂಡ್ ಸೇರುವ ಜಾಗ ಸದಾ ಒದ್ದೆ. ಎಪಾಕ್ಸಿ ಮೆತ್ತಿದರೆ ಸಾಕು ಅಂತ ಒಬ್ಬ ಪ್ಲಂಬರ್, ಗೋಡೆ ಒಡೆದು ಎಲ್ಲ ಪೈಪೂ ತೆಗೆಯಬೇಕು ಅಂತ ಇನ್ನೊಬ್ಬರು. ಸಿಂಕ್ ಗಟ್ಟಿಯಾಗಿದೆ, ಅದನ್ನು ಉಳಿಸಿಕೊಳ್ಳಬೇಕು. ಕಪ್ಲಿಂಗ್ ಒಂದನ್ನೇ ಬದಲಿಸಿದರೆ ಸಾಕಾಗುತ್ತದೆಯೇ? ಯಾವ ಅಳತೆಯದು ತರಬೇಕು? ಈ ನೆಪದಲ್ಲಿ ಬಾಟಲ್ ಟ್ರ್ಯಾಪ್ ಹಾಕಿಸಬಹುದೇ?

ಪೈಪ್‌ರೆಂಚ್_18

ಗುಲಾಬಿ ಪುಡಿ ಅಂದ ಮೇಲೆ ಆ ಕಪ್ಲಿಂಗಿನ ಆಯಸ್ಸು ಮುಗಿದಿದೆ. ಹಿತ್ತಾಳೆಯಲ್ಲಿರುವ ಸತು ವರ್ಷಗಟ್ಟಲೆ ನೀರಿಗೆ ಕರಗಿ ಹೋಗಿ, ಉಳಿದ ತಾಮ್ರ ಸ್ಪಂಜಿನ ಹಾಗೆ ತೂತುತೂತಾಗಿ ನಿಂತಿರುತ್ತದೆ. ನೋಡಲು ಆಕಾರ ಹಾಗೇ ಇರುತ್ತದೆ, ಬಲ ಇರುವುದಿಲ್ಲ. ನಟ್ಟಿಗೆ ರೆಂಚ್ ಹಾಕಿ ಜೋರು ಮಾಡಿದರೆ ಥ್ರೆಡ್ ಇರುವ ಭಾಗವೇ ಮುರಿದು ಕೈಗೆ ಬರುತ್ತದೆ.

ಆದರೆ ನಿಮ್ಮ ನಿಜವಾದ ತೊಂದರೆ ಕಪ್ಲಿಂಗ್ ಅಲ್ಲ ಅನ್ನಿಸುತ್ತದೆ. ಒದ್ದೆ ಇರುವುದು ಬೆಂಡ್ ಸೇರುವಲ್ಲಿ ಅಂದಿರಿ. ಜಿಐ ಪೈಪ್ ಮೊದಲು ಸಾಯುವುದು ಥ್ರೆಡ್ಡಿನಲ್ಲೇ. 1½ ಇಂಚಿನ ಮೀಡಿಯಂ ಕ್ಲಾಸ್ ಪೈಪಿನ ದಪ್ಪ 3.2 ಎಂಎಂ. ಅದರಲ್ಲಿ ಥ್ರೆಡ್ ಕೊರೆದರೆ ಸುಮಾರು 1.5 ಎಂಎಂ ಹೋಗುತ್ತದೆ, ಜೊತೆಗೆ ಮೇಲಿನ ಸತುವಿನ ಲೇಪವೂ ಹೋಗುತ್ತದೆ. ಉಳಿದ ಬರೀ ಕಬ್ಬಿಣ ಹಿತ್ತಾಳೆಗೆ ತಾಗಿಕೊಂಡು ನೀರಿನಲ್ಲಿ ನಿಂತರೆ, ಎರಡು ಲೋಹಗಳ ನಡುವೆ ಕಬ್ಬಿಣವೇ ಸವೆಯುತ್ತದೆ. ಹೊಸ ಕಪ್ಲಿಂಗ್ ತಂದು ಇದೇ ಹಳೇ ಬೆಂಡಿಗೆ ಕೂರಿಸಿದರೆ ಸೋರಿಕೆ ನಾಲ್ಕು ಬೆರಳು ಕೆಳಗೆ ಹೋಗುತ್ತದೆ, ಅಷ್ಟೇ.

ಏನನ್ನೂ ಕೊಳ್ಳುವ ಮೊದಲು ಗೋಡೆಯಿಂದ ಹೊರಗೆ ಕಾಣುವ ಪೈಪಿನ ಅಡಿಭಾಗ ಪರೀಕ್ಷಿಸಿ. ಮಲಗಿರುವ ಪೈಪಿನಲ್ಲಿ ಗಸಿ ನಿಲ್ಲುವುದು ತಳದಲ್ಲಿ, ಹಾಗಾಗಿ ತುಕ್ಕು ತಿನ್ನುವುದೂ ತಳದಿಂದ. ಮೇಲ್ಭಾಗ ಬೆಳ್ಳಗೆ ಹೊಳೆಯುತ್ತಿದ್ದರೂ ನಂಬಬೇಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಪೈಪು ಠಣ್ ಅನ್ನುತ್ತದೆ, ತಿಂದು ಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ತಳಕ್ಕೆ ಮೊಳೆಯ ತುದಿ ಒತ್ತಿದಾಗ ಪದರ ಎದ್ದರೆ, ಆ ಪೈಪಿಗೆ ಯಾವ ಫಿಟ್ಟಿಂಗ್ ಹಾಕಿದರೂ ದಂಡ.

ಎಪಾಕ್ಸಿಯ ಮಾತು: ಒಣಗಿದ, ತುಕ್ಕಿಲ್ಲದ, ಎಣ್ಣೆ ಜಿಡ್ಡಿಲ್ಲದ ಮೈಗೆ ಅದು ಚೆನ್ನಾಗಿ ಹಿಡಿಯುತ್ತದೆ. ಸಿಂಕಿನ ಕೆಳಗಿನ ಹಳೇ ಜಾಯಿಂಟಿನಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ. ಸಾಮಾನು ಬರುವವರೆಗೆ ಕೆಲವು ದಿನ ತಳ್ಳಲು ಸರಿ.

ಗಾರೆ_ಉಳಿ

ಸಿಂಕ್ ಉಳಿಯಬೇಕಾದರೆ ಕಪ್ಲಿಂಗ್ ಬಿಚ್ಚುವುದಕ್ಕಿಂತ ಕತ್ತರಿಸುವುದು ಕ್ಷೇಮ. ಮೊಸಾಯಿಕ್ ಸಿಂಕಿನಲ್ಲಿ ಕಪ್ಲಿಂಗಿನ ಅಂಚನ್ನು ಸಿಮೆಂಟಿನಲ್ಲೇ ಹುದುಗಿಸಿ ಪಾಲಿಷ್ ಮಾಡಿರುತ್ತಾರೆ. ಕೆಳಗಿನಿಂದ ತಿರುಚಿದರೆ ಆ ಬಲವೆಲ್ಲ ತೂತಿನ ಸುತ್ತಲ ಸಿಮೆಂಟಿಗೆ ಬಿದ್ದು ಕೂದಲೆಳೆಯ ಬಿರುಕು ಬರುತ್ತದೆ. ಆಮೇಲೆ ಏನು ಮಾಡಿದರೂ ಆ ಬಿರುಕಿನಲ್ಲಿ ನೀರು ಜಿನುಗುತ್ತಲೇ ಇರುತ್ತದೆ.

ಮೊದಲು ಕೆಳಗಿನ ಬೆಂಡನ್ನು ಹ್ಯಾಕ್ಸಾದಿಂದ ಕೊಯ್ದು ಬೇರೆ ಮಾಡಿ. ಕೊಯ್ಯುವಾಗ ಪೈಪಿಗೆ ಅಡಿಯಿಂದ ಒಂದು ಮರದ ತುಂಡು ಆನಿಸಿ, ಭಾರ ಸಿಂಕಿನ ಮೇಲೆ ಜೋತಾಡಬಾರದು. ನಂತರ ನಟ್ಟನ್ನು ಬ್ಲೇಡಿನಿಂದ ಓರೆಯಾಗಿ ಎರಡು ಕಡೆ ಸೀಳಿ. ಹಿತ್ತಾಳೆ ಮೆತ್ತಗೆ, ಬೇಗ ಕೊಯ್ಯುತ್ತದೆ. ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುವಿದರೆ ನಟ್ ಬಿಡುತ್ತದೆ. ಈಗ ಮೇಲಿನಿಂದ ಬರೀ ಬ್ಲೇಡನ್ನು, ಹಿಡಿಯುವ ತುದಿಗೆ ಬಟ್ಟೆ ಸುತ್ತಿ, ಕಪ್ಲಿಂಗಿನ ಒಳಗೆ ಇಳಿಬಿಟ್ಟು ಎದುರುಬದುರು ಎರಡು ಸೀಳು ಕೊಡಿ. ಲೋಹ ಮುಗಿದು ಸಿಮೆಂಟ್ ತಾಗಿದೊಡನೆ ಬ್ಲೇಡಿನ ಸದ್ದು ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಸಣ್ಣ ಉಳಿಯನ್ನು ಸೀಳಿನ ಅಂಚಿಗೆ ಕೊಟ್ಟು ಒಳಮುಖವಾಗಿ, ಅಂದರೆ ತೂತಿನ ನಡುವಿನ ಕಡೆಗೆ ಬಗ್ಗಿಸಿದರೆ ಅರ್ಧಚಂದ್ರದ ಎರಡು ತುಂಡಾಗಿ ಎದ್ದು ಬರುತ್ತದೆ. ಹೊರಮುಖವಾಗಿ ಒಂದು ಪೆಟ್ಟೂ ಬೇಡ. ಗ್ರೈಂಡರ್ ಇದ್ದರೂ ಸಿಂಕಿನೊಳಗೆ ಇಳಿಸಬೇಡಿ.

ಅಂಚು ಕೂತಿದ್ದ ಗುಳಿಯಲ್ಲಿ ಹಳೇ ಸಿಮೆಂಟ್, ಸಫೇದಾ (ಜಾಯಿಂಟಿಗೆ ಮೆತ್ತುವ ಬಿಳಿ ಲೇಪ), ಸಣಬಿನ ನಾರು ಸಿಗುತ್ತವೆ. ಆ ಕಾಲದ ಸಫೇದಾದಲ್ಲಿ ಸೀಸ ಇರಬಹುದು, ಆದ್ದರಿಂದ ಒಣಗಿದ್ದಾಗ ಕೆರೆದು ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆದು, ಕಾಗದದಲ್ಲಿ ಸುತ್ತಿ ಎಸೆಯಿರಿ, ಕೈ ತೊಳೆಯಿರಿ. ಗುಳಿಯ ತಳ ಹಾಳಾಗಿದ್ದರೆ ಬಿಳಿ ಸಿಮೆಂಟಿನಿಂದ ಸಮ ಮಾಡಿ, ಗಟ್ಟಿಯಾಗಲು 2 ದಿನ ಬಿಡಿ.

ಅಳತೆ_ಮೊದಲು

ಅಂಗಡಿಯಲ್ಲಿ ಹೆಚ್ಚು ಜನ ಎಡವುವುದು ಅಳತೆಯಲ್ಲೇ, ಅದನ್ನು ಬಿಡಿಸಿ ಬರೆಯುತ್ತೇನೆ.

ವಾಷ್ ಬೇಸಿನ್ನಿಗೆ 32 ಎಂಎಂ, ಅಂದರೆ 1¼ ಇಂಚು. ನಿಮ್ಮಂಥ ಹಳೇ ಸಿಂಕಿಗೆ 40 ಎಂಎಂ, ಅಂದರೆ 1½ ಇಂಚು. ಈಗಿನ ಸ್ಟೀಲ್ ಸಿಂಕುಗಳಿಗೆ ಬರುವ ದೊಡ್ಡ ಬುಟ್ಟಿ ಜಾಲರಿಯ ಕಪ್ಲಿಂಗ್ ನಿಮ್ಮ ತೂತಿಗೆ ಕೂರುವುದಿಲ್ಲ, ಅದಕ್ಕೋಸ್ಕರ ಮೊಸಾಯಿಕ್ ಕೊರೆಸಬೇಡಿ.

ಉದ್ದ ಮುಖ್ಯ. ಕಟ್ಟಿದ ಸಿಂಕಿನ ತಳ ಸ್ಟೀಲ್ ಸಿಂಕಿಗಿಂತ ತುಂಬಾ ದಪ್ಪ. ಕಪ್ಲಿಂಗುಗಳು 3, 4, 5, 7 ಇಂಚು ಉದ್ದದಲ್ಲಿ ಸಿಗುತ್ತವೆ. ತಳದ ದಪ್ಪಕ್ಕೆ ವಾಷರ್, ನಟ್ ಸೇರಿಸಿ, ಕೆಳಗೆ ಟ್ರ್ಯಾಪಿನ ನಟ್ ಕೂರಲು ಕನಿಷ್ಠ 1 ಇಂಚು ಥ್ರೆಡ್ ಉಳಿಯಬೇಕು. ತಳ 2 ಇಂಚಿದ್ದರೆ 4 ಇಂಚಿನದೂ ಬಿಗಿ, 5 ಇಂಚಿನದು ತನ್ನಿ. ಹೆಚ್ಚಾದದ್ದನ್ನು ಕೊಯ್ಯಬಹುದು.

ಮತ್ತೆ, ಫುಲ್ ಥ್ರೆಡ್ ಕೇಳಿ. ಹಾಫ್ ಥ್ರೆಡ್ ಅನ್ನುವುದರ ಪಕ್ಕದಲ್ಲಿ ಕಿಂಡಿ ಇರುತ್ತದೆ. ಅದು ಓವರ್‌ಫ್ಲೋ (ತುಂಬಿದ ನೀರು ಹೊರಹೋಗುವ ಮೇಲ್ತೂತು) ಇರುವ ಬೇಸಿನ್ನಿಗೆ. ಓವರ್‌ಫ್ಲೋ ಇಲ್ಲದ ನಿಮ್ಮ ಸಿಂಕಿಗೆ ಅದನ್ನು ಹಾಕಿದರೆ, ನೀರು ಕಿಂಡಿಯಿಂದ ಹೊರಬಂದು ಕಪ್ಲಿಂಗಿಗೂ ಮೊಸಾಯಿಕ್ಕಿಗೂ ನಡುವೆ ಇಳಿದು ಕೆಳಗಿನ ವಾಷರಿನಲ್ಲಿ ತೊಟ್ಟಿಕ್ಕುತ್ತದೆ. ಮೇಲಿನ ಅಂಚಿಗೆ ಎಷ್ಟು ಸಿಲಿಕೋನ್ ಹಚ್ಚಿದರೂ ಇದು ನಿಲ್ಲುವುದಿಲ್ಲ.

ಇನ್ನು ಪೈಪ್. ಜಿಐ 40 ಅಂದರೆ ಹೊರ ಅಳತೆ 48.3 ಎಂಎಂ. ಪಿವಿಸಿ 40 ಅಂದರೆ ಹೊರ ಅಳತೆಯೇ 40 ಎಂಎಂ. ಎರಡೂ "40" ಆದರೂ ಒಂದಕ್ಕೊಂದು ಸೇರುವುದಿಲ್ಲ. 1½ ಇಂಚಿನ ಜಿಐಗೆ ಸಮ ಬರುವ ಪಿವಿಸಿ 50 ಎಂಎಂ. ಥ್ರೆಡ್ ಅಡಾಪ್ಟರ್ ಕೇಳುವಾಗ "50 ಎಂಎಂಗೆ ಒಂದೂವರೆ ಇಂಚು ಥ್ರೆಡ್" ಅನ್ನಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಪೈಪ್ ಅಂಗಡಿಗಳಿಗೆ ಹೋಗುವುದಾದರೆ ಕೊಯ್ದ ಹಳೇ ತುಂಡನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ತುಂಡು ಕೈಯಲ್ಲಿದ್ದರೆ ವಾದಕ್ಕೆ ಎಡೆಯೇ ಇರುವುದಿಲ್ಲ.

ಜಯನಗರ_ಹಳೇಮನೆ

ಎಲ್ಲರಿಗೂ ಧನ್ಯವಾದ. ನೋಡಿ ಅಳೆದೆ. ಸಿಂಕಿನ ತಳ ಸರಿಯಾಗಿ 2 ಇಂಚು ದಪ್ಪ. ತಳದ ಅಡಿಮೈ ನೆಲದಿಂದ 23 ಇಂಚು, ಗೋಡೆಯೊಳಗೆ ಹೋಗುವ ಪೈಪಿನ ನಡು ನೆಲದಿಂದ 15 ಇಂಚು. ಗೋಡೆ 9 ಇಂಚಿನ ಇಟ್ಟಿಗೆಯದು, ಎರಡೂ ಕಡೆ ಗಾರೆ ಸೇರಿ 10½ ಇಂಚು. ಅಡುಗೆಮನೆಯ ಕಡೆ ಗೋಡೆಯಿಂದ 2 ಇಂಚು ಪೈಪ್ ಹೊರಗೆ ಕಾಣುತ್ತದೆ. ಮೇಲೆ ತಟ್ಟಿದರೆ ಠಣ್ ಅನ್ನುತ್ತದೆ, ತಳಕ್ಕೆ ಮೊಳೆ ಒತ್ತಿದರೆ ಕಂದು ಪದರ ಏಳುತ್ತದೆ. ಸ್ಥಳದಲ್ಲೇ ಡೈ ಹಾಕಿ ಹೊಸ ಥ್ರೆಡ್ ಕೊರೆಯಬಹುದು ಅಂತ ಪಕ್ಕದ ಮನೆಯವರ ಸಲಹೆ. ಅಥವಾ ಹಳೇ ಪೈಪಿನೊಳಗೇ ಸಣ್ಣ ಪಿವಿಸಿ ತೂರಿಸಿದರೆ ಗೋಡೆ ಉಳಿಯುವುದಿಲ್ಲವೇ?

ಪೈಪ್‌ರೆಂಚ್_18

ಎರಡೂ ಬೇಡ. ಡೈ ಹಾಕುವುದು ಗಟ್ಟಿ ಪೈಪಿಗೆ ಸರಿ. ತುಕ್ಕು ಈಗಾಗಲೇ 1 ಎಂಎಂ ತಿಂದಿದ್ದರೆ, ಥ್ರೆಡ್ ಕೊರೆದ ಮೇಲೆ ತಳದಲ್ಲಿ ಉಳಿಯುವುದು ಮುಕ್ಕಾಲು ಎಂಎಂ ಕೂಡ ಇಲ್ಲ. ಡೈ ತಿರುಗಿಸುವ ಬಲಕ್ಕೆ ಗೋಡೆಯೊಳಗಿನ ಪೈಪೂ ತಿರುಗಿ, ಹೊರಗಿನ ಎಲ್ಬೋ ಸಡಿಲವಾಗುವ ಅಪಾಯ ಬೇರೆ.

ಒಳಗೆ ತೂರಿಸುವುದು ಲೆಕ್ಕಕ್ಕೇ ಕೂರುವುದಿಲ್ಲ. ಹೊಸದಿದ್ದಾಗ ಆ ಪೈಪಿನ ಒಳ ಅಳತೆ 41.9 ಎಂಎಂ. ತುಕ್ಕಿನ ಗಂಟು, ಎಣ್ಣೆಯ ಜಿಡ್ಡು, ಬೋರ್‌ವೆಲ್ ನೀರಾದರೆ ಸುಣ್ಣದ ಕಟ್ಟು ಸೇರಿ ಈಗ 35 ಇದ್ದರೆ ಹೆಚ್ಚು. 40ರದು ಹೋಗುವುದಿಲ್ಲ, 32ರದು ಅಡುಗೆಮನೆಗೆ ಸಾಲದು.

ನಿಮ್ಮ ಪೈಪ್ ನೇರವಾಗಿ ಗೋಡೆ ದಾಟಿ ಹೋಗುತ್ತದೆ, ಗೋಡೆಯೊಳಗೆ ತಿರುವಿಲ್ಲ. ಇದು ನಿಮ್ಮ ಅದೃಷ್ಟ. ಹತ್ತೂವರೆ ಇಂಚಿನ ಒಂದು ತುಂಡು ತೆಗೆಯಲು ಗೋಡೆ ಒಡೆಯಬೇಕಿಲ್ಲ, ಪೈಪಿನ ಸುತ್ತಲಿನ ಗಾರೆ ಬಿಡಿಸಿದರೆ ಸಾಕು. ಫಿಟ್ಟಿಂಗಿಗೆ ತೇಪೆ ಹಾಕುವ ಬದಲು ಆ ತುಂಡನ್ನೇ ತೆಗೆಯಿರಿ.

ಕೆಲಸದ ಜಾಗದಿಂದ ಗ್ಯಾಸ್ ಸಿಲಿಂಡರ್ ಹೊರಗಿಡಿ. ಹೊರಗಿನ ಎಲ್ಬೋವನ್ನು ಗೋಡೆಗೆ 1 ಇಂಚು ಬಿಟ್ಟು ಕೊಯ್ಯಿರಿ. ಎರಡೂ ಕಡೆ ಪೈಪಿನ ಸುತ್ತ ಸುಮಾರು ಅರ್ಧ ಇಂಚು ಅಗಲಕ್ಕೆ, ಸಣ್ಣ ಉಳಿ ಮತ್ತು ಹಗುರ ಸುತ್ತಿಗೆಯಿಂದ ಗಾರೆ ಬಿಡಿಸುತ್ತಾ 3-4 ಇಂಚು ಒಳಗೆ ಹೋಗಿ. ಸುಣ್ಣದ ಗಾರೆಯ ಗೋಡೆಯಾದರೆ ಬೇಗ ಬಿಡುತ್ತದೆ, ಆದರೆ ಬ್ರೇಕರ್ ಮೆಷಿನ್ ಇಟ್ಟರೆ ಅಕ್ಕಪಕ್ಕದ ಇಟ್ಟಿಗೆಯೂ ಸಡಿಲವಾಗುತ್ತದೆ. ನಂತರ 18 ಇಂಚಿನ ಪೈಪ್ ರೆಂಚ್ ಹಾಕಿ ಅತ್ತಿತ್ತ ತಿರುವಿದರೆ ಪೈಪು ನಡುವಿನ ಗಾರೆಯಿಂದ ಬಿಡಿಸಿಕೊಳ್ಳುತ್ತದೆ. ರೆಂಚ್ ಕೊಟ್ಟಾಗ ಪೈಪು ಚಪ್ಪಟೆಯಾಗುವಷ್ಟು ಕೊಳೆತಿದ್ದರೆ, ಒಳಗೆ ಬ್ಲೇಡ್ ಬಿಟ್ಟು ಉದ್ದಕ್ಕೆ ಎರಡು ಸೀಳು ಮಾಡಿ ಒಳಕ್ಕೆ ಮಡಚಿ ಎಳೆಯಿರಿ.

ಹೊಸ ಪೈಪನ್ನು ನೇರವಾಗಿ ಗಾರೆಯಲ್ಲಿ ಹೂಳಬೇಡಿ. ಮೊದಲು 63 ಎಂಎಂ ಪಿವಿಸಿ ಪೈಪಿನ 10½ ಇಂಚು ತುಂಡನ್ನು ತೋಳಿನಂತೆ ಗಾರೆ ಹಾಕಿ ಕೂರಿಸಿ, ಅದರೊಳಗೆ 50ರ ಪೈಪ್ ಹಾಯಲಿ. ಇನ್ನು ಮುಂದೆ ಯಾವತ್ತಾದರೂ ಬದಲಿಸಬೇಕಾದರೆ ಎಳೆದರೆ ಬರುತ್ತದೆ. ಒಳಗಿನ ಪೈಪ್ 15 ಇಂಚಿರಲಿ. ಹೊರಗಡೆಗೆ ಇಳಿಜಾರು ಮೀಟರಿಗೆ 20ರಿಂದ 25 ಎಂಎಂ ಬೇಕು, ಅಂದರೆ ಗೋಡೆಯ ಅಗಲದಲ್ಲಿ 5-7 ಎಂಎಂ. ತೋಳನ್ನೇ ಈ ಓರೆಯಲ್ಲಿ ಕೂರಿಸಿ. ಹೊರಬದಿಯ ಸಂದಿಗೆ ಸಿಲಿಕೋನ್ ತುಂಬಿ, ಇಲ್ಲವಾದರೆ ಮಳೆನೀರು, ಇರುವೆ, ಜಿರಳೆ ಎಲ್ಲಕ್ಕೂ ಅದೇ ದಾರಿ.

ಎಸ್‌ಡಬ್ಲ್ಯುಆರ್ (ಮಲ, ಕೊಳೆನೀರು, ಮಳೆನೀರಿನ) ಪೈಪ್ ಕೊಳ್ಳುವುದಾದರೆ ಟೈಪ್ ಬಿ ಕೇಳಿ. ಟೈಪ್ ಎ ಇರುವುದು ಗಾಳಿ ಪೈಪಿಗೆ ಮತ್ತು ಮಳೆನೀರಿಗೆ. ಹೊರಗೆ ಬಿಸಿಲು ಬೀಳುವ ಭಾಗಕ್ಕೆ ಬಣ್ಣ ಬಳಿಯಿರಿ, ಬಿಸಿಲಿಗೆ ಪಿವಿಸಿ ಪೆಡಸಾಗುತ್ತದೆ.

ಅಳತೆ_ಮೊದಲು

ಮೇಲಿನದಕ್ಕೆ ಒಂದು ಸೇರಿಕೆ, ಬೇರೆ ಮನೆಯವರಿಗೂ ಉಪಯೋಗ. ಪೈಪ್ ಗಟ್ಟಿಯಿದ್ದು, ಗೋಡೆಯ ಮುಖದಲ್ಲಿ ಜಿಐ ಸಾಕೆಟ್ (ಒಳಗಡೆ ಥ್ರೆಡ್ ಇರುವ ತುಂಡು) ಇದ್ದು, ಅದರಲ್ಲಿರುವ ನಿಪ್ಪಲ್ (ಹೊರಗಡೆ ಥ್ರೆಡ್ ಇರುವ ಗಿಡ್ಡ ಪೈಪ್) ಮಾತ್ರ ಹಾಳಾಗಿದ್ದರೆ ಗೋಡೆ ಮುಟ್ಟಬೇಕಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಎರಡು ರೆಂಚ್ ಬೇಕೇ ಬೇಕು: ಒಂದು ಸಾಕೆಟ್ಟನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಿಪ್ಪಲ್ ತಿರುಗಿಸಲು. ಒಂದೇ ರೆಂಚಿನಲ್ಲಿ ತಿರುಗಿಸಿದರೆ ಗೋಡೆಯೊಳಗಿನ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ, ಅದು ಗೋಡೆ ಒದ್ದೆಯಾದ ಮೇಲೆಯೇ ಗೊತ್ತಾಗುವುದು. ಮೊದಲು ಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿ, ತುಕ್ಕಿನ ಹಿಡಿತ ಹಾಗೆ ಬೇಗ ಬಿಡುತ್ತದೆ. ಬೆಂಕಿ ಕೊಡುವುದಾದರೆ ಸಾಕೆಟ್ಟಿಗೆ ಮಾತ್ರ, ಎಣ್ಣೆ ಪೂರ್ತಿ ಒರೆಸಿ, ಕಿಟಕಿ ತೆರೆದು. ಕಾದ ಸತುವಿನ ಹೊಗೆ ಮೈಗೆ ಆಗುವುದಿಲ್ಲ.

ಆ ಸಾಕೆಟ್ಟಿಗೆ ಗಂಡು ಥ್ರೆಡ್ಡಿನ ಪಿವಿಸಿ ಅಡಾಪ್ಟರ್ ಹಾಕಿ. ಹೆಣ್ಣು ಥ್ರೆಡ್ಡಿನ ಪ್ಲಾಸ್ಟಿಕ್ಕನ್ನು ಜಿಐ ಪೈಪಿನ ಮೇಲೆ ಬಿಗಿದರೆ ಒಳಗಿನಿಂದ ಹಿಗ್ಗಿ ಸೀಳುತ್ತದೆ, ಅದೂ ಬಿಗಿದ ದಿನವಲ್ಲ, ತಿಂಗಳುಗಳ ನಂತರ. ಟೆಫ್ಲಾನ್ ಟೇಪ್ 10 ಸುತ್ತು, ಥ್ರೆಡ್ ತಿರುಗುವ ದಿಕ್ಕಿಗೇ. ಕೈಯಲ್ಲಿ ಬಿಗಿದ ಮೇಲೆ ರೆಂಚಿನಲ್ಲಿ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ.

ಗಲ್ಲಿ_ಟ್ರ್ಯಾಪ್

ಟ್ರ್ಯಾಪಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅಡುಗೆಮನೆಗೆ ಬಾಟಲ್ ಟ್ರ್ಯಾಪ್ ಬೇಡ, ಅದು ಕೈ ತೊಳೆಯುವ ಬೇಸಿನ್ನಿಗೆ. ಅದರೊಳಗೆ ನೀರು ಇಳಿದು ಮತ್ತೆ ಏರುವ ಜಾಗ ಕಿರಿದು. ಅನ್ನದ ಅಗುಳು, ಸಾಸಿವೆ, ಕರಿಬೇವು, ರಾಗಿ ಹಿಟ್ಟಿನ ಗಸಿ ಎಲ್ಲ ಬುಡದಲ್ಲಿ ಕೂರುತ್ತವೆ. 1½ ಇಂಚಿನ ಪಿ-ಟ್ರ್ಯಾಪ್ ಹಾಕಿ, ತಳದಲ್ಲಿ ಬಿಚ್ಚುವ ಮುಚ್ಚಳ ಇರುವಂಥದ್ದು, ನೀರಿನ ತಡೆ (ವಾಸನೆ ತಡೆಯಲು ಒಳಗೆ ನಿಲ್ಲುವ ನೀರಿನ ಆಳ) 50 ಎಂಎಂಗೆ ಕಡಿಮೆಯಿಲ್ಲದ್ದು. ನಿಮಗೆ ಸಿಂಕಿನ ಅಡಿಮೈಯಿಂದ ಪೈಪಿನ ನಡುವಿಗೆ 8 ಇಂಚು ಸಿಗುತ್ತದೆ, ಕಪ್ಲಿಂಗ್ 3 ಇಂಚು ಇಳಿದರೂ ಉಳಿದ 5 ಇಂಚಿನಲ್ಲಿ ಪಿ-ಟ್ರ್ಯಾಪ್ ಕೂರುತ್ತದೆ. ಹೊರಗೆ ಗಲ್ಲಿ ಟ್ರ್ಯಾಪ್ ಇದೆಯಲ್ಲ ಅನ್ನಬೇಡಿ. ಅದು ಒಳಚರಂಡಿ ಚೇಂಬರಿನ ಗಾಳಿ ತಡೆಯುತ್ತದೆ, ಪೈಪಿನೊಳಗೇ ಕೊಳೆಯುವ ಜಿಡ್ಡಿನ ವಾಸನೆ ಮತ್ತು ಜಿರಳೆ ತಡೆಯುವುದಿಲ್ಲ.

ಟ್ರ್ಯಾಪಿನ ನಟ್ಟಿಗೆ ಟೆಫ್ಲಾನ್ ಸುತ್ತಬೇಡಿ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ವಾಷರ್. ಟೇಪ್ ಸುತ್ತಿದರೆ ನಟ್ ಅರ್ಧದಲ್ಲೇ ಬಿಗಿಯಾಗಿ ವಾಷರ್ ಕೂರುವುದೇ ಇಲ್ಲ. ವಾಷರಿನ ಓರೆ ಮುಖ ಜಾಯಿಂಟಿನ ಒಳಕ್ಕೆ ಇರಲಿ, ಕೈಬಿಗಿತದ ನಂತರ ಕಾಲು ಸುತ್ತು ಸಾಕು.

ಟ್ರ್ಯಾಪಿನ ಮೇಲೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಂತ ಅಚ್ಚೊತ್ತಿದ್ದರೆ ಅದಕ್ಕೆ ಪಿವಿಸಿ ಜೋಡಿಸುವ ಸಾಲ್ವೆಂಟ್ ಅಂಟು ಹಿಡಿಯುವುದಿಲ್ಲ. ಅಂಥದ್ದಕ್ಕೆ ರಬ್ಬರ್ ರಿಂಗ್ ಇರುವ 50ಕ್ಕೆ 40ರ ಜೋಡಣೆ ಬೇಕು. ಪಿವಿಸಿಯದೇ ಆದರೆ 50×40 ರೆಡ್ಯೂಸರ್ ಬುಶ್ ಹಾಕಿ ಅಂಟಿಸಬಹುದು.

ಹೊರಗೆ ಇಳಿಯುವ ಪೈಪು ಗಲ್ಲಿ ಟ್ರ್ಯಾಪಿನ ಜಾಲರಿಗಿಂತ ಕೆಳಗೆ, ಆದರೆ ಒಳಗೆ ನಿಂತ ನೀರಿಗಿಂತ ಮೇಲೆ ಮುಗಿಯಬೇಕು. ಅದನ್ನು ರಸ್ತೆಯ ಮಳೆನೀರು ಚರಂಡಿಗೆ ಬಿಡುವ ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ, ಅಡುಗೆಮನೆ ನೀರು ಯುಜಿಡಿಗೇ, ಅಂದರೆ ನೆಲದಡಿಯ ಒಳಚರಂಡಿಗೇ ಹೋಗಬೇಕು. ಇನ್ನೊಂದು ಎಚ್ಚರ: ಹಿತ್ತಲಿನಲ್ಲಿ ಬೂದು ಬಣ್ಣದ ಸಿಮೆಂಟಿನಂಥ ಹಳೇ ಪೈಪ್ ಇದ್ದರೆ ಅದು ಕಲ್ನಾರಿನದಿರಬಹುದು. ಅದನ್ನು ಗ್ರೈಂಡರಿನಲ್ಲಿ ಕೊಯ್ಯಬೇಡಿ, ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವಂಥದ್ದು.

ಗಾರೆ_ಉಳಿ

ಹೊಸ ಕಪ್ಲಿಂಗ್ ಕೂರಿಸುವ ಬಗ್ಗೆ. ಗುಳಿ ಪೂರ್ತಿ ಒಣಗಿರಬೇಕು. ಮೊಸಾಯಿಕ್ ನೀರು ಕುಡಿದಿರುತ್ತದೆ, ಒಂದು ದಿನ ಸಿಂಕ್ ಬಳಸದೆ ಬಿಡಿ. ಸಿಲಿಕೋನ್ ನ್ಯೂಟ್ರಲ್ ಆಗಿರಲಿ. ಹುಳಿ ವಿನೆಗರ್ ವಾಸನೆ ಬರುವ ಸಿಲಿಕೋನ್ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಲೋಹಕ್ಕೂ ಒಳ್ಳೆಯದಲ್ಲ. ಅಂಚಿನ ಅಡಿಗೆ ಬೆರಳ ದಪ್ಪದ ಉಂಗುರ ಹಾಕಿ ಒತ್ತಿ ಕೂರಿಸಿ. ಕೆಳಗೆ ಮೊದಲು ರಬ್ಬರ್ ವಾಷರ್, ಆಮೇಲೆ ಪ್ಲಾಸ್ಟಿಕ್ ವಾಷರ್, ಆಮೇಲೆ ನಟ್. ಪ್ಲಾಸ್ಟಿಕ್ ಇಲ್ಲದಿದ್ದರೆ ನಟ್ ತಿರುಗುವಾಗ ರಬ್ಬರೂ ತಿರುಚಿಕೊಂಡು ಸುಕ್ಕಾಗುತ್ತದೆ. ಕಟ್ಟಿದ ಸಿಂಕಿನ ಅಡಿಮೈ ಒರಟಾಗಿದ್ದರೆ ವಾಷರ್ ಕೂರುವಷ್ಟು ಅಗಲಕ್ಕೆ ಎಪಾಕ್ಸಿಯಿಂದ ಸಮ ಮಾಡಿ. ಎಪಾಕ್ಸಿ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ, ಏಕೆಂದರೆ ಈ ಜಾಗವನ್ನು ಉಜ್ಜಿ ಒಣಗಿಸಲು ಸಾಧ್ಯ. ಮೇಲೆ ಜಾಲರಿಯನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನಟ್ ಮಾತ್ರ ತಿರುಗಿಸಿ. ಹೊರಗೆ ಬಂದ ಸಿಲಿಕೋನ್ ಆಗಲೇ ಒರೆಸಿ, 24 ಗಂಟೆ ನೀರು ಬಿಡಬೇಡಿ.

ಜಯನಗರ_ಹಳೇಮನೆ

ಕೊನೆಯದಾಗಿ ಮೂರು. ಅನ್ನದ ಗಂಜಿ ಬಸಿಯುವುದು ಇದೇ ಸಿಂಕಿಗೆ, ಪಿವಿಸಿ ತಡೆಯುತ್ತದೆಯೇ? ಕಟ್ಟಿಕೊಂಡಾಗ ಆಸಿಡ್ ಹಾಕುವ ಅಭ್ಯಾಸ ಮನೆಯಲ್ಲಿದೆ, ಮುಂದುವರಿಸಬಹುದೇ? ಎಲ್ಲ ಮುಗಿದ ಮೇಲೆ ಪರೀಕ್ಷೆ ಹೇಗೆ?

ಪೈಪ್‌ರೆಂಚ್_18

ಕುದಿಯುವ ಗಂಜಿ ನೇರವಾಗಿ ಬೇಡ. ಪಿವಿಸಿ 75-80 ಡಿಗ್ರಿಗೆ ಮೆತ್ತಗಾಗುತ್ತದೆ, ಬಾಗಿದ ಟ್ರ್ಯಾಪಿನ ವಾಷರ್ ಸರಿಯುತ್ತದೆ. ಬಸಿಯುವಾಗ ತಣ್ಣೀರಿನ ನಲ್ಲಿ ತೆರೆದಿಡಿ, ಅಥವಾ ಪಾತ್ರೆಗೆ ಬಸಿದು ಆರಿದ ಮೇಲೆ ಚೆಲ್ಲಿ.

ಆಸಿಡ್ ನಿಲ್ಲಿಸಿ. ಹಿತ್ತಾಳೆ, ಜಿಐ, ಮೊಸಾಯಿಕ್ಕಿನ ಸಿಮೆಂಟ್ ಮೂರನ್ನೂ ಅದು ತಿನ್ನುತ್ತದೆ. ನಿಮ್ಮ ಕಪ್ಲಿಂಗ್ ಪುಡಿಯಾಗಲು ಅದರ ಪಾಲೂ ಇರುತ್ತದೆ. ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ಪಿ-ಟ್ರ್ಯಾಪ್ ಬಂದ ಮೇಲೆ ಕೆಳಗೆ ಬಕೆಟ್ ಇಟ್ಟು ಮುಚ್ಚಳ ಬಿಚ್ಚಿದರೆ ಕಸ ಕೈಗೇ ಸಿಗುತ್ತದೆ. ಈಗ ಹಳೇ ಬೆಂಡ್ ಕೊಯ್ಯುವ ದಿನವೂ ಹಿಂದಿನ ಎರಡು ದಿನ ಆಸಿಡ್, ಕಾಸ್ಟಿಕ್ ಏನೂ ಹಾಕಿರಬಾರದು. ಕೊಯ್ದಾಗ ನಿಂತದ್ದೆಲ್ಲ ಮುಖದ ಕಡೆಗೇ ಸುರಿಯುತ್ತದೆ, ಕನ್ನಡಕ ಹಾಕಿಕೊಳ್ಳಿ.

ಪರೀಕ್ಷೆ ಎರಡು ಹಂತ. ಸಾಲ್ವೆಂಟ್ ಜಾಯಿಂಟ್ ಮತ್ತು ಸಿಲಿಕೋನ್ ಗಟ್ಟಿಯಾದ ಮೇಲೆ ತೂತು ಮುಚ್ಚಿ ಸಿಂಕ್ ತುಂಬಿಸಿ ಅರ್ಧ ಗಂಟೆ ಬಿಡಿ, ಕಪ್ಲಿಂಗಿನ ಕೆಳವಾಷರಿಗೆ ಒಣ ಕಾಗದ ತಾಗಿಸಿ ನೋಡಿ. ಒದ್ದೆಯಾದರೆ ತಪ್ಪು ಮೇಲಿನ ಸಿಲಿಕೋನಿನದು, ನಟ್ ಇನ್ನಷ್ಟು ಬಿಗಿಯಬೇಡಿ, ಬಿಚ್ಚಿ ಮತ್ತೆ ಕೂರಿಸಿ. ಒಣಗಿದ್ದರೆ ಸಿಂಕಿನ ತೂತಿಗೆ ಮುಚ್ಚಿದ್ದನ್ನು ಎತ್ತಿ ಪೂರ್ತಿ ನೀರು ಒಮ್ಮೆಗೇ ಬಿಡಿ, ಟ್ರ್ಯಾಪಿನ ಒಂದೊಂದು ನಟ್ಟಿಗೂ, ಗೋಡೆಯ ಹೊರಗಿನ ಎಲ್ಬೋಗೂ ಕಾಗದ ಮುಟ್ಟಿಸಿ. ನಲ್ಲಿ ಸಣ್ಣಗೆ ಬಿಟ್ಟು ಪರೀಕ್ಷಿಸಿದರೆ ಪೈಪಿನ ತಳ ಮಾತ್ರ ನೆನೆಯುತ್ತದೆ, ಮೇಲರ್ಧದಲ್ಲಿರುವ ಸೋರಿಕೆ ತಿಳಿಯುವುದಿಲ್ಲ. ಮಾರನೆಯ ದಿನ, ಒಂದು ಹೊತ್ತು ಪಾತ್ರೆ ತೊಳೆದ ಮೇಲೆ, ನಟ್ಟುಗಳನ್ನು ಮತ್ತೊಮ್ಮೆ ಕೈಯಿಂದ ಮುಟ್ಟಿ ನೋಡಿ. ಬಿಸಿನೀರು ಹೋದ ಮೇಲೆ ಹೊಸ ವಾಷರ್ ಸ್ವಲ್ಪ ಕುಗ್ಗುತ್ತದೆ, ಆಗ ಎಂಟನೇ ಒಂದು ಸುತ್ತು ಬಿಗಿಯಬೇಕಾಗಬಹುದು.